ಖಲ್ವದೊಳಗಣ ರೂಪಾಂತರ

ಸುಣ್ಣಕಲ್ಲಿಗೂ ಅಮೃತಶಿಲೆಗೂ ಮೂಲದ್ರವ್ಯವಾಗಿರತಕ್ಕ ಕ್ಯಾಲ್ಸೈಟ್ ಎಂಬ ಖನಿಜದ ಶುದ್ಧವಾದ ಹರಳುಗಳನ್ನು ಪುಡಿಮಾಡಿ, ಆ ಪುಡಿಯನ್ನು ಯಂತ್ರದಿಂದ ನಡೆಯುವ ಖಲ್ವವೊಂದರಲ್ಲಿ ಹಾಕಿ, ಆಮ್ಲವನ್ನಾಗಲಿ ಕ್ಷಾರವನ್ನಾಗಲಿ ಬೆರಸದೆ, ಕೆಳಗೆ ಬೆಂಕಿಯನ್ನೂ ಇಡದೆ, ಗಂಟೆಗಟ್ಟಲೆ ಅರೆಯುತ್ತ ಹೋದರೆ, ಕಣ್ಣಿಗೆ ಕಾಣತಕ್ಕ ವ್ಯತ್ಯಾಸವೇನೂ ಆಗುವುದಿಲ್ಲ. ಮೊದಲು ಬೆಳ್ಳಗಿದ್ದ ಪುಡಿ ಕೊನೆಯಲ್ಲಿಯೂ ಬೆಳ್ಳಗೆಯೇ ಇರುತ್ತದೆ. ಬೆರಳಿಗೆ ಕೊಂಚ ಹೆಚ್ಚು ನುಣುಪಾಗಿ ತಾಗುತ್ತದೆ, ಅಷ್ಟೆ. ರಾಸಾಯನಿಕ ಪರೀಕ್ಷೆಗೆ ಒಡ್ಡಿದರೆ ಅದು ಮೊದಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟೇ ಹೊರತು ಬೇರೊಂದಲ್ಲ. ಆದರೆ ಅದೇ ಪುಡಿಯನ್ನು ಕ್ಷ-ಕಿರಣಗಳ ಮಾರ್ಗದಲ್ಲಿರಿಸಿ, ಅದರಿಂದ ಚದರಿ ಬಂದ ಕಿರಣಗಳ ರೇಖೆಗಳನ್ನು ಗುರುತಿಸಿದಲ್ಲಿ, ಕ್ಯಾಲ್ಸೈಟಿಗೆ ಸಲ್ಲತಕ್ಕ ರೇಖೆಗಳು ಮಂಕಾಗಿ, ಆರಂಭದಲ್ಲಿ ಸುಳಿವೇ ಇಲ್ಲದಿದ್ದ ಅರಗೊನೈಟ್ ಎಂಬ ಬೇರೊಂದು ಖನಿಜದ ರೇಖೆಗಳು ಎದ್ದು ಕಾಣುತ್ತವೆ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಬರ್ನ್ಸ್ ಮತ್ತು ಬ್ರೆಡಿಗ್ ಎಂಬಿಬ್ಬರು ವಿಜ್ಞಾನಿಗಳು 1956ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಅರೆಯುವುದೆಂದರೆ ದೊಡ್ಡದನ್ನು ಚಿಕ್ಕದು ಮಾಡುವ ಕೆಲಸ, ಅದಕ್ಕಿಂತ ಹೆಚ್ಚಿನದೇನೂ ಇಲ್ಲವೆಂದು ನಂಬಿದ್ದವರಿಗೆ ಇದು ಮರುವಿಚಾರಕ್ಕೆ ತಕ್ಕ ವಿಷಯವಾಯಿತು.

ಕ್ಯಾಲ್ಸೈಟಿಗೂ ಅರಗೊನೈಟಿಗೂ ಇರುವ ಭೇದವನ್ನರಿಯಬೇಕಾದರೆ ಘನವಸ್ತುವಿನ ಒಳಗಣ ರಚನೆಯನ್ನು ನೆನೆಯಬೇಕು. ಹರಳೆನಿಸಿಕೊಳ್ಳುವ ಪ್ರತಿಯೊಂದು ಪದಾರ್ಥದಲ್ಲಿಯೂ ಪರಮಾಣುಗಳು ಒಂದು ನಿಯತವಾದ ವಿನ್ಯಾಸದಲ್ಲಿ ಸಾಲುಗೊಂಡಿರುತ್ತವೆ. ಅವೇ ಪರಮಾಣುಗಳು, ಅದೇ ಪ್ರಮಾಣದಲ್ಲಿಯೇ ಇದ್ದುಕೊಂಡು, ಸನ್ನಿವೇಶಕ್ಕನುಸಾರವಾಗಿ ಒಂದಕ್ಕಿಂತ ಹೆಚ್ಚು ವಿನ್ಯಾಸಗಳನ್ನು ತಾಳಬಲ್ಲವು. ಇಂಥ ಒಂದೊಂದು ವಿನ್ಯಾಸವನ್ನೂ ಒಂದೊಂದು ಪ್ರಾವಸ್ಥೆಯೆಂದು ವಿಜ್ಞಾನದ ಪರಿಭಾಷೆಯಲ್ಲಿ ಕರೆಯುವುದುಂಟು. ಪೆನ್ಸಿಲಿನ ಗ್ರಾಫೈಟೂ ಉಂಗುರದ ವಜ್ರವೂ ಒಂದೇ ಇಂಗಾಲದ ಎರಡು ಪ್ರಾವಸ್ಥೆಗಳು. ಕ್ಯಾಲ್ಸೈಟಿನಲ್ಲಿ ಪ್ರತಿ ಕ್ಯಾಲ್ಸಿಯಂ ಪರಮಾಣುವಿನ ಸುತ್ತ ಆರು ಆಮ್ಲಜನಕದ ಪರಮಾಣುಗಳು ನೆರೆದಿದ್ದರೆ, ಅರಗೊನೈಟಿನಲ್ಲಿ ಒಂಬತ್ತು ನೆರೆದಿರುತ್ತವೆ. ಬಳ್ಳದಲ್ಲಿ ಸಡಿಲವಾಗಿ ಸುರಿದ ರಾಗಿಯನ್ನು ಕುಲುಕಿ ಒತ್ತಿದರೆ ಕಾಳುಗಳು ಒತ್ತೊತ್ತಾಗಿ ಕುಳಿತು ಮೇಲೆ ಬರಿದು ಜಾಗ ಬೀಳುವಂತೆ, ಕ್ಯಾಲ್ಸೈಟಿನ ಸಡಿಲವಾದ ವಿನ್ಯಾಸವು ಅರಗೊನೈಟಿನ ಬಿಗಿಯಾದ ವಿನ್ಯಾಸಕ್ಕೆ ತಿರುಗಿದಾಗ ವಸ್ತುವಿನ ಗಾತ್ರವು ಕುಗ್ಗುತ್ತದೆ. ಒಂದು ಘನ ಸೆಂಟಿಮೀಟರಿಗೆ 2.71 ಗ್ರಾಂ ಇದ್ದ ಸಾಂದ್ರತೆ 2.93 ಗ್ರಾಮಿಗೆ ಏರುತ್ತದೆ. ಮುತ್ತಿನ ಚಿಪ್ಪಿನ ಒಳಮೈಯ ಹೊಳಪು ಈ ಅರಗೊನೈಟಿನ ತೆಳುಪದರಗಳದು.

ನಾವು ಬದುಕಿರುವ ವಾಯುಭಾರದಲ್ಲಿ ಕ್ಯಾಲ್ಸೈಟೇ ಸ್ಥಿರವಾದುದು. ಅರಗೊನೈಟು ಸ್ಥಿರವಾಗಬೇಕಾದರೆ ಸಾವಿರಾರು ವಾಯುಭಾರಗಳ ಒತ್ತಡ ಬೇಕು. ಹೀಗಿರಲು, ಮೇಜಿನ ಮೇಲಿನ ಖಲ್ವವೊಂದರಲ್ಲಿ ಆ ಒತ್ತಡವು ಎಲ್ಲಿಂದ ಬಂದಿತು? ಬಂದಿತೆಂದೇ ಒಪ್ಪಿದರೂ, ಕುಟ್ಟಾಣಿ ಮೇಲೆದ್ದ ಮರುಕ್ಷಣವೇ ಮಾಯವಾಗತಕ್ಕ ಒತ್ತಡವು ಉಳಿಯತಕ್ಕ ಬದಲಾವಣೆಯನ್ನು ಹೇಗೆ ಮಾಡಿತು? ಅಲ್ಲದೆ, ಎಷ್ಟು ಹೊತ್ತು ಅರೆದರೂ ಒಂದು ಪಾಲು ಕ್ಯಾಲ್ಸೈಟು ಹಾಗೆಯೇ ಉಳಿದು, ಎರಡೂ ರೂಪಗಳ ಒಂದು ಮಿಶ್ರಣದಲ್ಲಿ ವ್ಯವಹಾರವು ನಿಂತುಹೋಗುವುದೇಕೆ? ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ತೃಪ್ತಿಕರವಾದ ಉತ್ತರ ದೊರೆಯಲು ಮತ್ತೆ ಕೆಲವು ದಶಕಗಳು ಬೇಕಾದುವು.

ಅರೆಯುವಿಕೆಗೆ ಪದಾರ್ಥದ ಸ್ವಭಾವವನ್ನೇ ತಿರುಗಿಸುವ ಸಾಮರ್ಥ್ಯವುಂಟೆಂಬುದು ಪ್ರಾಚೀನರಿಗೆ ತಿಳಿಯದ ವಿಷಯವೇನೂ ಅಲ್ಲ. ಗ್ರೀಕ್ ದೇಶದ ಥಿಯೊಫ್ರಾಸ್ಟಸನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಶಿಲೆಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಪಾದರಸವೂ ಗಂಧಕವೂ ಕೂಡಿದ ಇಂಗಲೀಕವನ್ನು ವಿನಿಗರಿನೊಡನೆ ತಾಮ್ರದ ಪಾತ್ರೆಯಲ್ಲಿ ತಾಮ್ರದ ಕುಟ್ಟಾಣಿಯಿಂದಲೇ ತಿಕ್ಕಿದರೆ ಪಾದರಸವು ಬೇರೆಯಾಗಿ ಬರುವುದೆಂದು ಹೇಳಿದ್ದಾನೆ. ನಮ್ಮ ರಸಶಾಸ್ತ್ರದಲ್ಲಿ ಇದರ ವಿಲೋಮಕ್ರಿಯೆ ಪ್ರಸಿದ್ಧವಾಗಿದೆ. ಶೋಧಿಸಿದ ಪಾದರಸವನ್ನೂ ಗಂಧಕವನ್ನೂ ಖಲ್ವದಲ್ಲಿ ಹಾಕಿ ವೈದ್ಯನು ಮರ್ದಿಸುತ್ತ ಕುಳಿತರೆ, ಮೊದಲು ಸಣ್ಣ ಸಣ್ಣ ಬೆಳ್ಳಿಯ ಹನಿಗಳಾಗಿ ಓಡಾಡುತ್ತಿದ್ದ ಪಾದರಸವು ಬರಬರುತ್ತ ಅಡಗಿ, ಹಳದಿಯ ಗಂಧಕವು ಬೂದುಬಣ್ಣಕ್ಕೆ ತಿರುಗಿ, ಕೊನೆಗೆ ಕಾಡಿಗೆಯಂಥ ಕಪ್ಪು ಪುಡಿಯೊಂದು ಸಿದ್ಧವಾಗುತ್ತದೆ, ಅದೇ ಕಜ್ಜಳಿ. ಪುಡಿಯನ್ನು ಬಿಸಿಲಿಗೆ ಹಿಡಿದು ನೋಡಿ, ಪಾದರಸದ ಮಿನುಗು ಒಂದಿಷ್ಟೂ ಕಾಣದೆ ‘ನಿಶ್ಚಂದ್ರ’ವಾಗುವವರೆಗೆ ಅರೆತವನ್ನು ನಿಲ್ಲಿಸಬಾರದೆಂದು ವಿಧಿ. ಈ ಕಜ್ಜಳಿಯನ್ನು ಬಟ್ಟೆ-ಮಣ್ಣು ಮೆತ್ತಿದ ಗಾಜಿನ ಕುಪ್ಪಿಯಲ್ಲಿ ತುಂಬಿ ವಾಲುಕಾಯಂತ್ರದ ಮರಳಿನಲ್ಲಿ ಹೂತು ಕ್ರಮಕ್ರಮವಾಗಿ ಬೆಂಕಿ ಕೊಟ್ಟರೆ, ಅದು ಆವಿಯಾಗಿ ಮೇಲೇರಿ ಕುಪ್ಪಿಯ ಕಂಠದಲ್ಲಿ ಕೆಂಪಗೆ ಘನೀಭವಿಸುತ್ತದೆ; ಅದು ರಸಸಿಂಧೂರ. ಕಪ್ಪು ಕಜ್ಜಳಿಯ ಸಾರಭಾಗವೂ ಕೆಂಪು ಸಿಂಧೂರವೂ ರಾಸಾಯನಿಕ ದೃಷ್ಟಿಯಿಂದ ಒಂದೇ ಪಾದರಸದ ಗಂಧಕಿ. ವಿನ್ಯಾಸ ಮಾತ್ರ ಬೇರೆ. ಅರೆದಾಗ ಒಂದು ಪ್ರಾವಸ್ಥೆ, ಕಾಯಿಸಿದಾಗ ಇನ್ನೊಂದು. ಪಾದರಸದ ಆವಿ ವಿಷವಾದ್ದರಿಂದ ಇದನ್ನು ಮನೆಯಲ್ಲಿ ಪರೀಕ್ಷಿಸಲು ಯಾರೂ ಹೊರಡಕೂಡದೆಂಬ ಎಚ್ಚರಿಕೆಯನ್ನು ಇಲ್ಲಿ ಹೇಳಿಬಿಡುವುದು ಕ್ಷೇಮ.

ಯೂರೋಪಿನ ಪ್ರಯೋಗಶಾಲೆಗಳಲ್ಲಿ ಮೈಕೆಲ್ ಫ್ಯಾರಡೆಯು 1820ರಲ್ಲಿ ಬೆಳ್ಳಿಯ ಕ್ಲೋರೈಡನ್ನು ಸತುವಿನೊಡನೆ ಖಲ್ವದಲ್ಲಿ ಅರೆದು ಬೆಳ್ಳಿಯನ್ನು ಬಿಡಿಸಿದ್ದನು. ಆದರೆ ಈ ವಿಷಯದಲ್ಲಿ ನಿಜವಾಗಿ ಕಣ್ಣು ತೆರೆಯಿಸಿದವನು ಫಿಲಡೆಲ್ಫಿಯಾ ನಗರದ ಮ್ಯಾಥ್ಯೂ ಕ್ಯಾರಿ ಲೀ ಎಂಬಾತನು. ಛಾಯಾಗ್ರಹಣದ ರಸಾಯನದಲ್ಲಿ ಆಸಕ್ತನಾಗಿ, ಯಾವ ವಿದ್ಯಾಪೀಠದ ಆಶ್ರಯವನ್ನೂ ಬಯಸದೆ ಸ್ವಂತ ಪ್ರಯೋಗಶಾಲೆಯಲ್ಲಿಯೇ ದುಡಿಯುತ್ತಿದ್ದ ಈತನು 1890ರ ದಶಕದ ಆದಿಭಾಗದಲ್ಲಿ ಅತ್ಯಂತ ಸರಳವಾದ, ಆದರೆ ನಿರ್ಣಾಯಕವಾದ ಒಂದು ಪ್ರಯೋಗಸರಣಿಯನ್ನು ನಡೆಸಿದನು. ಬೆಳ್ಳಿಯ ಕ್ಲೋರೈಡನ್ನು ಕಾಯಿಸಿದರೆ ಅದು ಒಡೆಯದೆ ಕರಗುತ್ತದೆ. ಮರ್ಕ್ಯುರಿಕ್ ಕ್ಲೋರೈಡನ್ನು ಕಾಯಿಸಿದರೆ ಅದು ಒಡೆಯದೆ ಆವಿಯಾಗಿ ಹೋಗುತ್ತದೆ. ಅವನ್ನೇ ಖಲ್ವದಲ್ಲಿ ಹಾಕಿ ಬಲವಾಗಿ ತಿಕ್ಕಿದಾಗಲಾದರೋ ಎರಡೂ ಭಾಗಶಃ ವಿಘಟನೆ ಹೊಂದಿದುವು. ತಿಕ್ಕಿದಾಗ ಹುಟ್ಟುವ ಶಾಖವೇ ಈ ಕೆಲಸವನ್ನು ಮಾಡಿತೆಂದು ಹೇಳುವವನ ಬಾಯಿ ಇಲ್ಲಿಗೆ ಕಟ್ಟಿತು. ಏಕೆಂದರೆ ಶಾಖವು ಮಾಡಲಾರದ ಕೆಲಸವನ್ನು ಶಾಖದ ಲೆಕ್ಕಕ್ಕೆ ಬರೆಯುವುದು ಹೇಗೆ? ಬಲವು ಬಿಸಿಯ ವೇಷವನ್ನು ತೊಡದೆ ನೇರವಾಗಿಯೇ ಪದಾರ್ಥವನ್ನು ಮಾರ್ಪಡಿಸಬಲ್ಲದೆಂಬ ಲೀಯ ಈ ತೀರ್ಮಾನವು ಅರೆತದ ವಿಜ್ಞಾನಕ್ಕೆ ಇಂದಿಗೂ ಅಡಿಗಲ್ಲಾಗಿದೆ. ಆತನ ಕಾಲದವರು ಇದಕ್ಕೆ ತಕ್ಕ ಮನ್ನಣೆಯನ್ನು ಕೊಡಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಈಗಿನ ಪ್ರಯೋಗಶಾಲೆಗಳಲ್ಲಿ ಖಲ್ವದ ಸ್ಥಾನವನ್ನು ಬಾಲ್ ಮಿಲ್ ಎಂಬ ಯಂತ್ರವು ಬಹುಮಟ್ಟಿಗೆ ಆಕ್ರಮಿಸಿಕೊಂಡಿದೆ. ಗಟ್ಟಿಯಾದ ಮುಚ್ಚಳವುಳ್ಳ ಒಂದು ಪಾತ್ರೆ. ಅದರೊಳಗೆ ಹದಗೊಳಿಸಿದ ಉಕ್ಕಿನ, ಟಂಗ್‌ಸ್ಟನ್ ಕಾರ್ಬೈಡಿನ, ಜಿರ್ಕೋನಿಯಾದ ಅಥವಾ ಅಕೀಕಿನ ಗುಂಡುಗಳು. ಅವುಗಳ ನಡುವೆ ಪುಡಿ. ಪುಡಿಯ ತೂಕದ ಹತ್ತರಷ್ಟು ತೂಕದ ಗುಂಡುಗಳನ್ನು ಹಾಕುವುದು ವಾಡಿಕೆ. ದೊಡ್ಡ ಕಾರ್ಖಾನೆಗಳ ಪೀಪಾಯಿಯು ಮಲಗಿದಂತೆಯೇ ತನ್ನ ಅಕ್ಷದ ಮೇಲೆ ಮೆಲ್ಲನೆ ಉರುಳುತ್ತದೆ, ಮತ್ತು ಅದರ ವೇಗಕ್ಕೊಂದು ಮಿತಿಯುಂಟು: ಒಂದು ಮೀಟರು ವ್ಯಾಸದ ಪೀಪಾಯಿಯನ್ನು ನಿಮಿಷಕ್ಕೆ 42 ಸುತ್ತಿಗಿಂತ ಹೆಚ್ಚಾಗಿ ತಿರುಗಿಸಿದರೆ ಗುಂಡುಗಳು ಗೋಡೆಗೆ ಕಚ್ಚಿಕೊಂಡು ಅದರೊಡನೆಯೇ ಸುತ್ತುತ್ತವೆಯೇ ಹೊರತು ಕೆಳಕ್ಕೆ ಬಿದ್ದು ಪುಡಿಯನ್ನು ಹೊಡೆಯುವುದಿಲ್ಲ. ಈ ಮಿತಿಯನ್ನು ಮೀರುವುದಕ್ಕಾಗಿಯೇ ಗ್ರಹಗತಿಯ ಯಂತ್ರವನ್ನು ಕಲ್ಪಿಸಿದರು. ಅದರಲ್ಲಿ ಪಾತ್ರೆಗಳು ಒಂದು ದೊಡ್ಡ ತಟ್ಟೆಯ ಮೇಲೆ ಕುಳಿತು ಅದರೊಡನೆ ಒಂದು ದಿಕ್ಕಿಗೆ ಪ್ರದಕ್ಷಿಣೆ ಬರುತ್ತಲೇ ತಮ್ಮಷ್ಟಕ್ಕೆ ತಾವು ವಿರುದ್ಧ ದಿಕ್ಕಿಗೆ ಭ್ರಮಿಸುತ್ತವೆ, ಗುಂಡುಗಳು ಗೋಡೆಯಿಂದ ಗೋಡೆಗೆ ಹಾರಿ ಅಪ್ಪಳಿಸುತ್ತವೆ.

ಈ ಅಪ್ಪಳಿಕೆಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ನೋಡೋಣ. ಎರಡು ಗುಂಡುಗಳು ಪರಸ್ಪರ ತಾಗುವ ಜಾಗದಲ್ಲಿ ಸಿಕ್ಕಿಕೊಳ್ಳುವ ಪುಡಿಯ ಪ್ರಮಾಣವು ಒಂದು ಮಿಲಿಗ್ರಾಮಿನ ಐದನೆಯ ಒಂದು ಪಾಲಿನಷ್ಟೆಂದೂ, ಅದರಲ್ಲಿ ಸಾವಿರದಷ್ಟು ಕಣಗಳಿರಬಹುದೆಂದೂ ಅಂದಾಜು ಮಾಡಿದ್ದಾರೆ. ಗುಂಡಿನ ಬಲವೆಲ್ಲವೂ ಆ ಅತ್ಯಲ್ಪವಾದ ಎಡೆಯಲ್ಲಿ ಕೇಂದ್ರೀಕೃತವಾಗುವುದರಿಂದ, ಅಲ್ಲಿನ ಒತ್ತಡವು ಸೆಕೆಂಡಿನ ಲಕ್ಷಾಂತರ ಭಾಗಗಳಲ್ಲಿ ಕೆಲವು ಭಾಗಗಳಷ್ಟು ಕಾಲ ಹತ್ತಾರು ಸಾವಿರ ವಾಯುಭಾರಗಳಿಗೆ ಏರಿ ಇಳಿಯುತ್ತದೆ. ಅರಗೊನೈಟಿಗೆ ಬೇಕಾದ ಒತ್ತಡವು ದೊರೆಯಿತು. ಆದರೆ ಬರಿಯ ಒತ್ತಡದಿಂದಲೇ ಕಾರ್ಯ ಸಾಧಿಸುವುದಿಲ್ಲ. ತಣ್ಣಗಿರುವ ಒಣ ಹರಳನ್ನು ಎಲ್ಲ ಕಡೆಯಿಂದಲೂ ಸಮವಾಗಿ ಎಷ್ಟು ಒತ್ತಿದರೂ ಪರಮಾಣುಗಳು ತಮ್ಮ ಠಾವನ್ನು ಬಿಟ್ಟು ಕದಲಲು ಹಿಂದೆಗೆಯುತ್ತವೆ. ಗುಂಡುಗಳಾದರೋ ನೆಟ್ಟಗೆ ಬಂದು ತಾಗುವುದೂ ಉಂಟು, ಓರೆಯಾಗಿ ಉಜ್ಜಿಕೊಂಡು ಹೋಗುವುದೂ ಉಂಟು. ಓರೆಯಾಗಿ ಉಜ್ಜಿದಾಗ ಹರಳಿನ ಪದರಗಳು ಒಂದರ ಮೇಲೊಂದು ಜಾರುತ್ತವೆ, ಸಾಲುಗಳು ಅಲ್ಲಲ್ಲಿ ಮುರಿಯುತ್ತವೆ, ಪರಮಾಣುಗಳು ನೆರೆಹೊರೆಯನ್ನು ಬದಲಾಯಿಸುತ್ತವೆ. ಒತ್ತಡವು ಯಾವ ವಿನ್ಯಾಸವು ಅನುಕೂಲವೆಂಬುದನ್ನು ಗೊತ್ತುಮಾಡಿದರೆ, ಜಾರಿಕೆಯು ಅಲ್ಲಿಗೆ ಹೋಗುವ ಬಾಗಿಲನ್ನು ತೆರೆಯುತ್ತದೆ. ಕುಟ್ಟಾಣಿ ಮೇಲೆದ್ದ ಬಳಿಕ ಹೊಸ ವಿನ್ಯಾಸವು ಉಳಿಯುವುದಕ್ಕೂ ಇದೇ ಕಾರಣ: ತಣ್ಣಗಿರುವ ಪುಡಿಯಲ್ಲಿ ಹಿಂದಿರುಗುವ ಬಾಗಿಲು ಮುಚ್ಚಿಹೋಗಿರುತ್ತದೆ.

ಶಾಖವು ಇಲ್ಲವೇ ಇಲ್ಲವೆಂದು ಹೇಳಿದರೂ ತಪ್ಪಾದೀತು. ಪಾತ್ರೆಯು ಒಟ್ಟಿನಲ್ಲಿ ಕೈಗೆ ಬೆಚ್ಚಗೆ ಅಥವಾ ಚುರುಕ್ಕೆನ್ನುವಂತೆ ತಾಗಬಹುದು, ಘರ್ಷಣೆಯ ತುದಿಬಿಂದುಗಳಲ್ಲಿ ಕ್ಷಣಕಾಲ ಉಷ್ಣತೆಯು ಬಹಳ ಮೇಲಕ್ಕೆ ಜಿಗಿಯಬಹುದು. ಒಂದು ಕಾಲದಲ್ಲಿ ಅರೆತದ ಮಹಿಮೆಯನ್ನೆಲ್ಲ ಈ ಉಷ್ಣಬಿಂದುಗಳ ಮೇಲೆಯೇ ಹೊರಿಸುವ ಸಿದ್ಧಾಂತಗಳು ಪ್ರಬಲವಾಗಿದ್ದುವು. ಸಿಡಿಮದ್ದುಗಳ ವಿಷಯದಲ್ಲಿ ಅದು ನಿಜವೂ ಹೌದು. ಮೆದುವಾದ ಸಾವಯವ ಹರಳುಗಳ ವಿಷಯದಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.

1960ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಡಚೀಲೆಯೂ, ನಮ್ಮ ರಾಂಚಿಯಲ್ಲಿ ಜನಿಸಿ ಅಲ್ಲಿ ಪ್ರಾಧ್ಯಾಪಕನಾಗಿ ನೆಲೆಸಿದ ರುಸ್ತುಂ ರಾಯ್‌ಯೂ ಸೇರಿ ಖಲ್ವಗಳಲ್ಲಿಯೂ ಕಂಪನಮಿಶ್ರಕಗಳಲ್ಲಿಯೂ ಅಧಿಕ ಒತ್ತಡದ ಪ್ರಾವಸ್ಥೆಗಳು ಉತ್ಪನ್ನವಾಗುವುದನ್ನು ತೋರಿಸಿದ ಮೇಲೆ ಇಂಥ ಉದಾಹರಣೆಗಳು ಒಂದರ ಹಿಂದೊಂದು ಬಂದುವು. ಬಿಳಿಯ ಬಣ್ಣಗಳಿಗೆ ಉಪಯೋಗಿಸುವ ಟೈಟೇನಿಯಂ ಡೈಆಕ್ಸೈಡಿನ ವೃತ್ತಾಂತವು ಇವುಗಳಲ್ಲಿ ಸ್ವಾರಸ್ಯವುಳ್ಳದ್ದು. ಅದರ ಅನಟೇಸ್ ಎಂಬ ರೂಪವನ್ನು ಕುಲುಮೆಯಲ್ಲಿ ಕಾಯಿಸಿದರೆ ನೇರವಾಗಿ ರೂಟೈಲ್ ಎಂಬ ರೂಪಕ್ಕೆ ತಿರುಗುತ್ತದೆ; ಬಾಲ್ ಮಿಲ್ಲಿನಲ್ಲಿ ಅರೆದರೆ ರೂಟೈಲಿಗೆ ಹೋಗುವ ದಾರಿಯಲ್ಲಿ ಮೂರನೆಯದೊಂದು ಬಿಗಿವಿನ್ಯಾಸದ ರೂಪವು ನಡುವೆ ತಲೆದೋರುತ್ತದೆ. ಅದೇ ರೂಪವು ಜರ್ಮನಿಯ ರೀಸ್ ಕುಳಿಯಲ್ಲಿ, ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂಡೆಯೊಂದು ಬಂದು ಬಡಿದಾಗ ಹುಟ್ಟಿದ ಶಿಲೆಗಳಲ್ಲಿ ದೊರೆತಿದೆ. ಒಂದು ಲೋಟದಷ್ಟು ದೊಡ್ಡ ಪಾತ್ರೆಯೊಳಗಣ ಉಕ್ಕಿನ ಗುಂಡುಗಳೂ ಭೂಮಿಯನ್ನು ಕುಳಿಮಾಡಿದ ಉಲ್ಕೆಯೂ ಒಂದೇ ಹರಳನ್ನು ನಿರ್ಮಿಸಿದುವೆಂಬುದು ಅತಿಶಯೋಕ್ತಿಯಾಗಿ ಕೇಳಿಸಿದರೂ ಅಕ್ಷರಶಃ ಸತ್ಯ.

ಅಲ್ಯೂಮಿನದ ವಿಷಯವನ್ನು ಕೊಂಚ ವಿಸ್ತರಿಸಿ ಹೇಳಬೇಕು, ಏಕೆಂದರೆ ಅಲ್ಲಿ ಶಾಖದ ಮಾರ್ಗಕ್ಕೂ ಬಲದ ಮಾರ್ಗಕ್ಕೂ ಇರುವ ವೈಲಕ್ಷಣ್ಯವು ಸ್ಫುಟವಾಗಿ ಕಾಣುತ್ತದೆ. ಕೆಂಪು, ನೀಲ ಮೊದಲಾದ ರತ್ನಗಳಿಗೆ ಮೂಲವಾದ ಕುರುಂದವು ಅಲ್ಯೂಮಿನದ ಅತ್ಯಂತ ಸ್ಥಿರವಾದ ಪ್ರಾವಸ್ಥೆ. ಬೋಹ್ಮೈಟ್ ಎಂಬ ಜಲಯುಕ್ತ ರೂಪದಿಂದ ಹೊರಟು ಕುರುಂದವನ್ನು ಪಡೆಯಬೇಕಾದರೆ ಕುಲುಮೆಯಲ್ಲಿ ಸುಮಾರು 1,200 ಡಿಗ್ರಿ ಸೆಲ್ಸಿಯಸಿನವರೆಗೆ ಕಾಯಿಸುವುದು ರೂಢಿ. ಆ ಉರಿಯಲ್ಲಿ ಸೂಕ್ಷ್ಮಕಣಗಳು ಒಂದಕ್ಕೊಂದು ಬೆಸೆದು ದಪ್ಪವಾಗಿ, ಪುಡಿಯ ಮೇಲ್ಮೈಯೆಲ್ಲ ನಾಶವಾಗುತ್ತದೆ. ವೇಗವರ್ಧಕಗಳ ಕೆಲಸಕ್ಕೆ ಬೇಕಾದದ್ದು ವಿಶಾಲವಾದ ಮೇಲ್ಮೈಯೇ ಆದುದರಿಂದ ಹೀಗೆ ಪಡೆದ ಕುರುಂದವು ಆ ಕೆಲಸಕ್ಕೆ ಒದಗುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಕಣಗಳು ಅತಿಸೂಕ್ಷ್ಮವಾದಾಗ ಕುರುಂದಕ್ಕಿಂತ ಗ್ಯಾಮ ಎಂಬ ಬೇರೊಂದು ಅಲ್ಯೂಮಿನವೇ ಹೆಚ್ಚು ಸ್ಥಿರವೆಂದು 1997ರಲ್ಲಿ ಅಲೆಕ್ಸಾಂಡ್ರ ನವ್ರಾಟ್ಸ್‌ಕಿಯೂ ಸಹೋದ್ಯೋಗಿಗಳೂ ಉಷ್ಣಮಾಪನದಿಂದ ಸ್ಥಾಪಿಸಿದ್ದರು. ಆ ರೂಪದ ಮೇಲ್ಮೈಗೆ ತಗಲುವ ಶಕ್ತಿ ಕಡಮೆಯಾದುದೇ ಇದಕ್ಕೆ ಕಾರಣ. ಈ ನ್ಯಾಯದಂತೆ ನೋಡಿದರೆ, ಅರೆತವು ಕಣಗಳನ್ನು ಸಣ್ಣಗೆ ಮಾಡುವುದಾದ ಕಾರಣ ಕುರುಂದದಿಂದ ದೂರಕ್ಕೇ ಒಯ್ಯಬೇಕಾಗಿತ್ತು. ನಡೆದದ್ದು ಇದಕ್ಕೆ ತದ್ವಿರುದ್ಧ. ಜರ್ಮನಿಯ ಮ್ಯೂಲ್‌ಹೈಮಿನ ಮಾಕ್ಸ್ ಪ್ಲಾಂಕ್ ಸಂಸ್ಥೆಯ ಫೆರ್ಡಿ ಶ್ಯೂಟ್ ಮತ್ತು ಸಂಗಡಿಗರು ಬೋಹ್ಮೈಟನ್ನು ಕೆಲವೇ ಗಂಟೆಗಳ ಕಾಲ ಬಾಲ್ ಮಿಲ್ಲಿನಲ್ಲಿ ಅರೆದು, ಕುಲುಮೆಯ ಸಹಾಯವಿಲ್ಲದೆಯೇ, ಒಂದು ಗ್ರಾಮಿಗೆ ಸುಮಾರು 120 ಚದರ ಮೀಟರು ಮೇಲ್ಮೈಯುಳ್ಳ ಕುರುಂದವನ್ನು ಪಡೆದು 2019ರಲ್ಲಿ ಪ್ರಕಟಿಸಿದರು. ಸಣ್ಣತನವು ಒಂದು ಕಡೆಗೆ ಎಳೆಯುತ್ತಿದ್ದರೂ ಜಾರಿಕೆಯು ಮತ್ತೊಂದು ಕಡೆಗೆ ನೂಕಿ ಗೆದ್ದಿತೆಂದು ಇದರ ಅರ್ಥ.

ಇಲ್ಲಿಗೆ ನಾವು ಹಿಂದೆ ಬಿಟ್ಟ ಮೂರನೆಯ ಪ್ರಶ್ನೆಗೆ ಮರಳಬಹುದು: ಎಷ್ಟು ಅರೆದರೂ ಮಿಶ್ರಣವು ಒಂದು ಹಂತದಲ್ಲಿ ನಿಲ್ಲುವುದೇಕೆ? ಪಠ್ಯಪುಸ್ತಕಗಳ ಪ್ರಾವಸ್ಥಾಚಿತ್ರವು ಒತ್ತಡ, ಉಷ್ಣತೆ ಇವೆರಡನ್ನು ಕೊಟ್ಟರೆ ಯಾವ ರೂಪವು ಸ್ಥಿರವೆಂಬುದನ್ನು ಹೇಳುತ್ತದೆ; ಆದರೆ ಅದು ಹೇಳುವುದು ವಿಶ್ರಾಂತಸ್ಥಿತಿಯಲ್ಲಿರುವ ಪದಾರ್ಥವನ್ನು ಕುರಿತು. ಗುಂಡುಗಳ ನಡುವೆ ಸಿಕ್ಕಿದ ಪುಡಿಗೆ ವಿಶ್ರಾಂತಿಯೆಂಬುದೇ ಇಲ್ಲ. ಪ್ರತಿಯೊಂದು ಏಟೂ ಪರಮಾಣುಗಳ ಸಾಲನ್ನು ಕದಡುತ್ತದೆ. ಎರಡು ಏಟುಗಳ ನಡುವಣ ಬಿಡುವಿನಲ್ಲಿ ಪರಮಾಣುಗಳು ತಮ್ಮ ಸಹಜವಾದ ಚಲನೆಯಿಂದ ಸಾಲನ್ನು ನೇರ್ಪಡಿಸಿಕೊಳ್ಳಲು ಯತ್ನಿಸುತ್ತವೆ. ಕದಡುವ ವೇಗವೂ ನೇರ್ಪಡುವ ವೇಗವೂ ಸರಿಸಮವಾದ ಕಡೆಯಲ್ಲಿ ಪುಡಿಯು ಒಂದು ಸಮಸ್ಥಿತಿಗೆ ಬರುತ್ತದೆ. ಫ್ರಾನ್ಸಿನ ಸಾಕ್ಲೇ ಕೇಂದ್ರದ ಜಾರ್ಜ್ ಮಾರ್ಟಾನ್ ಎಂಬ ಭೌತವಿಜ್ಞಾನಿಯು 1984ರಲ್ಲಿ, ಪರಮಾಣು ಸ್ಥಾವರಗಳಲ್ಲಿ ವಿಕಿರಣದ ಹೊಡೆತಕ್ಕೆ ಸಿಕ್ಕಿದ ಮಿಶ್ರಲೋಹಗಳಿಗಾಗಿ ಈ ವಿಚಾರವನ್ನು ಗಣಿತರೂಪದಲ್ಲಿ ಪ್ರತಿಪಾದಿಸಿದನು; ಹೊಡೆತದಲ್ಲಿರುವ ಪದಾರ್ಥವು ತನ್ನ ನಿಜವಾದ ಉಷ್ಣತೆಗಿಂತ ಅಧಿಕವಾದ ಬೇರೊಂದು ಉಷ್ಣತೆಯಲ್ಲಿರುವಂತೆ ವರ್ತಿಸುತ್ತದೆಂಬುದು ಅದರ ತಿರುಳು. ಅದೇ ಸೂತ್ರವನ್ನು ಮುಂದೆ ಬಾಲ್ ಮಿಲ್ಲಿಗೂ ಅನ್ವಯಿಸಿದರು. ಇದರಿಂದ ಫಲಿಸಿದ ಸಂಗತಿಯು ಪ್ರಯೋಗಕಾರರಿಗೆ ಬಹಳ ಮುಖ್ಯವಾದುದು: ಅರೆತದ ಕೊನೆಯ ಫಲವು ಅರೆದ ಕಾಲವನ್ನು ಮಾತ್ರ ಅವಲಂಬಿಸಿಲ್ಲ, ಏಟು ಎಷ್ಟು ಬಿರುಸು, ಪಾತ್ರೆ ಎಷ್ಟು ಬಿಸಿ ಎಂಬೆರಡನ್ನೂ ಅವಲಂಬಿಸಿದೆ. ಒಂದೇ ಪುಡಿಯನ್ನು ಎರಡು ವೇಗಗಳಲ್ಲಿ ಅರೆದವರಿಗೆ ಎರಡು ಬಗೆಯ ಫಲ ಬಂದರೆ ಅದು ಕೈತಪ್ಪೆಂದೇ ತಿಳಿಯಬೇಕಾಗಿಲ್ಲ.

ಈ ತತ್ತ್ವವು ಲೋಹಗಳಿಗಿಂತಲೂ ಚೆನ್ನಾಗಿ, ಲೋಹವಿಜ್ಞಾನಿಗಳು ಕ್ಷಮಿಸಬೇಕು, ಸಕ್ಕರೆಗಳಲ್ಲಿಯೂ ಔಷಧಿಗಳಲ್ಲಿಯೂ ಕಾಣಸಿಗುತ್ತದೆ. ಫ್ರಾನ್ಸಿನ ಲೀಲ್ ನಗರದ ದೆಸ್ಕಾಂ ಮತ್ತು ವಿಲ್ಲಾರ್ ಎಂಬವರ ತಂಡವು ಇದನ್ನು ದೀರ್ಘಕಾಲ ಅಭ್ಯಸಿಸಿದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಕರಗಿಸಿ ಗಾಜಿನ ರೂಪಕ್ಕೆ ತರಲು ಹೋದರೆ, ಕರಗುವ ಹೊತ್ತಿಗೆ ಅದು ಕಂದುಬಣ್ಣಕ್ಕೆ ತಿರುಗಿ ಕೆಟ್ಟುಹೋಗುತ್ತದೆಂಬುದು ಪಾಕಶಾಲೆಯಲ್ಲಿ ಕೆಲಸ ಮಾಡಿದವರಿಗೆ ಹೊಸ ಮಾತಲ್ಲ. ಅದನ್ನೇ ಬಾಲ್ ಮಿಲ್ಲಿನಲ್ಲಿ ಅರೆದರೆ ಕರಗದೆಯೇ, ಕಂದದೆಯೇ, ಹರಳಿನ ಕ್ರಮವನ್ನು ಪೂರ್ತಿಯಾಗಿ ಕಳೆದುಕೊಂಡು ಗಾಜಿನ ಅವಸ್ಥೆಗೆ ಬರುತ್ತದೆ. ಪ್ರತಿಯೊಂದು ಗಾಜಿಗೂ, ಅದು ಬಿರುಸುತನವನ್ನು ಬಿಟ್ಟು ಮೆದುವಾಗಲು ತೊಡಗುವ ಒಂದು ಉಷ್ಣತೆಯುಂಟು. ಅರೆಯುವಾಗಿನ ಉಷ್ಣತೆಯು ಅದಕ್ಕಿಂತ ಬಹಳ ಕೆಳಗಿದ್ದರೆ, ಕದಡಿದ ಅಣುಗಳಿಗೆ ಮತ್ತೆ ಸಾಲುಗೂಡುವ ಶಕ್ತಿಯಿಲ್ಲದೆ ಪುಡಿಯು ಗಾಜಾಗುತ್ತದೆ. ಅದರ ಸಮೀಪಕ್ಕೆ ಬಂದರೆ ಅಥವಾ ಅದಕ್ಕಿಂತ ಮೇಲಿದ್ದರೆ, ಕದಡಿದ ಅಣುಗಳು ಮರಳಿ ಸಾಲುಗೂಡುತ್ತವೆಯಾದರೂ ಹಳೆಯ ಕ್ರಮದಲ್ಲಿಯೇ ಸೇರಬೇಕೆಂಬ ನಿರ್ಬಂಧವಿಲ್ಲದೆ ಬೇರೊಂದು ಹರಳಾಗಿಬಿಡುತ್ತವೆ. ನೋವಿಗೂ ಬಾವಿಗೂ ಕೊಡುವ ಇಂಡೊಮೆಥಾಸಿನ್ ಎಂಬ ಔಷಧಿಯ ಗಾಜು ಮೆದುವಾಗುವುದು ಸುಮಾರು 42 ಡಿಗ್ರಿಯಲ್ಲಿ. ಅದರ ಗ್ಯಾಮ ಹರಳನ್ನು 4 ಡಿಗ್ರಿಯ ಶೈತ್ಯದಲ್ಲಿ ಅರೆದರೆ ಗಾಜಿನ ರೂಪವೂ, 30 ಡಿಗ್ರಿಯಲ್ಲಿ ಅರೆದರೆ ಆಲ್ಫ ಎಂಬ ಮತ್ತೊಂದು ಹರಳೂ ಬರುವುವೆಂದು 1980ರ ದಶಕದಲ್ಲಿ ಜಪಾನಿನ ಒಟ್ಸುಕ ಮತ್ತು ಸಂಗಡಿಗರು ತೋರಿಸಿದರು. 30 ಡಿಗ್ರಿಯು ನಮ್ಮ ಬೇಸಗೆಯ ಒಂದು ಸಾಧಾರಣ ಮಧ್ಯಾಹ್ನದ ಬಿಸಿಗಿಂತ ಕಡಮೆಯೆಂಬುದನ್ನು ಔಷಧಶಾಲೆಯವರು ಗಮನಿಸಬೇಕು.

ರೂಪಭೇದದಿಂದ ರೋಗಿಗೆ ಆಗತಕ್ಕದ್ದೇನೆಂದು ಕೇಳುವವರಿಗೆ ಕ್ಲೋರಾಂಫೆನಿಕಾಲ್ ಪಾಮಿಟೇಟಿನ ಕಥೆಯನ್ನು ಹೇಳಬಹುದು. ವಿಷಮಶೀತಜ್ವರಕ್ಕೆ ಒಂದು ಕಾಲದಲ್ಲಿ ರಾಮಬಾಣವೆನಿಸಿದ್ದ ಕ್ಲೋರಾಂಫೆನಿಕಾಲು ಬಲು ಕಹಿ. ಮಕ್ಕಳಿಗೆ ಕುಡಿಸುವ ದ್ರವದಲ್ಲಿ ಆ ಕಹಿಯನ್ನು ಮರೆಮಾಡಲು ಅದನ್ನು ಒಂದು ಕೊಬ್ಬಿನ ಆಮ್ಲದೊಡನೆ ಬೆಸೆದು ರುಚಿಯಿಲ್ಲದ ಪಾಮಿಟೇಟಾಗಿ ಮಾಡುತ್ತಿದ್ದರು. ಹೊಟ್ಟೆಗೆ ಹೋದ ಮೇಲೆ ಕರುಳಿನ ಕಿಣ್ವಗಳು ಆ ಬೆಸುಗೆಯನ್ನು ಬಿಡಿಸಿ ಔಷಧಿಯನ್ನು ಹೊರಪಡಿಸಬೇಕು. ಈ ಪಾಮಿಟೇಟಿಗೆ ಎ ಮತ್ತು ಬಿ ಎಂಬ ಎರಡು ಮುಖ್ಯ ಹರಳುರೂಪಗಳಿವೆ. ಬಿ ರೂಪವು ಕಿಣ್ವಗಳಿಗೆ ಸುಲಭವಾಗಿ ಸೋಲುತ್ತದೆ. ಹೆಚ್ಚು ಸ್ಥಿರವಾದ ಎ ರೂಪವು ಬಹುಮಟ್ಟಿಗೆ ಹಾಗೆಯೇ ಹೊರಕ್ಕೆ ಹೋಗುತ್ತದೆ, ಕುಡಿಸಿದ ಔಷಧಿ ನಿಷ್ಫಲ. ದ್ರವದಲ್ಲಿ ಎ ರೂಪದ ಪಾಲು ಹೆಚ್ಚಿದಂತೆಲ್ಲ ರಕ್ತಕ್ಕೆ ಸೇರುವ ಔಷಧಿಯು ಕಡಮೆಯಾಗುವುದೆಂದು 1967ರಲ್ಲಿಯೇ ಸಿದ್ಧಪಟ್ಟಿತ್ತು. ಬಳಿಕ 1985ರಲ್ಲಿ ಜಪಾನಿನ ಕನೇನಿವ ಮತ್ತು ಒಟ್ಸುಕ ಬಿ ರೂಪವನ್ನು ಅರೆದು ನೋಡಿ, ಅದು ಅರೆಯುತ್ತಿರುವಂತೆಯೇ ಎ ರೂಪಕ್ಕೆ ತಿರುಗುವುದನ್ನು, ಮತ್ತು ಎ ರೂಪದ ಕೆಲವೇ ಕಣಗಳು ಬೀಜದಂತೆ ಮೊದಲೇ ಬೆರೆತಿದ್ದರೆ ಆ ಮಾರ್ಪಾಟು ತೀವ್ರಗೊಳ್ಳುವುದನ್ನು ಕಂಡರು. ಚೆನ್ನಾಗಿ ಕರಗಲೆಂದು ನುಣ್ಣಗೆ ಅರೆಯುವ ಕ್ರಿಯೆಯೇ ಔಷಧಿಯ ಪ್ರಯೋಜನವನ್ನು ಕಳೆಯಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಇಷ್ಟೆಲ್ಲ ತಿಳಿದಿದ್ದರೂ ಬಹುಕಾಲದವರೆಗೆ ಒಂದು ತೊಡಕು ಉಳಿದೇ ಇತ್ತು. ಪಾತ್ರೆಯೊಳಗೆ ನಡೆಯುವುದನ್ನು ನೋಡಬೇಕಾದರೆ ಯಂತ್ರವನ್ನು ನಿಲ್ಲಿಸಿ, ಮುಚ್ಚಳ ತೆರೆದು, ಒಂದು ಚಿಟಿಕೆ ಪುಡಿಯನ್ನು ತೆಗೆಯಬೇಕಾಗಿತ್ತು. ನಿಲ್ಲಿಸಿದ ಕೂಡಲೇ ಏಟುಗಳು ನಿಂತು, ಗಾಳಿಯ ತೇವವೂ ತಾಗಿ, ಅಲ್ಪಾಯುಷಿಗಳಾದ ಪ್ರಾವಸ್ಥೆಗಳು ಪರೀಕ್ಷಕನ ಕೈಗೆ ಬರುವ ಮೊದಲೇ ಅಳಿದುಹೋಗುತ್ತಿದ್ದುವು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಯೂರೋಪಿಯನ್ ಸಿಂಕ್ರೊಟ್ರಾನ್ ಕೇಂದ್ರದಲ್ಲಿ ಟೊಮಿಸ್ಲಾವ್ ಫ್ರಿಶ್ಚಿಚ್ ಮೊದಲಾದವರು ಉಕ್ಕಿನ ಪಾತ್ರೆಯ ಬದಲಿಗೆ ಪ್ಲಾಸ್ಟಿಕ್ಕಿನ ಪಾತ್ರೆಯನ್ನು ಇಟ್ಟು, ಗುಂಡುಗಳು ಹಾರಾಡುತ್ತಿರುವಾಗಲೇ ಪ್ರಬಲವಾದ ಕ್ಷ-ಕಿರಣಗಳನ್ನು ಅದರ ಮೂಲಕ ಹಾಯಿಸಿ ಕ್ಷಣಕ್ಷಣದ ರೇಖೆಗಳನ್ನು ಹಿಡಿಯುವ ವಿಧಾನವನ್ನು 2013ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ತರುವಾಯ ಅದೇ ವಿಧಾನದಿಂದ, ಸತುವೂ ಒಂದು ಸಾವಯವ ಅಣುವೂ ಸೇರಿದ ರಂಧ್ರಮಯ ಹರಳೊಂದು ಅರೆಯುತ್ತಿರುವಂತೆ ಮೊದಲು ತನ್ನ ಕ್ರಮವನ್ನೆಲ್ಲ ಕಳೆದುಕೊಂಡು, ಅನಂತರ ಅಲ್ಲಿಯವರೆಗೆ ಯಾರೂ ಕಂಡರಿಯದ ಹೊಸ ವಿನ್ಯಾಸವೊಂದನ್ನು ತಾಳುವುದನ್ನು ನೋಡಿದರು; ಅದಕ್ಕೆ ಕಾಟ್ಸೆನೈಟ್ ಎಂದು ಹೆಸರಿಟ್ಟರು.

ನಮ್ಮಲ್ಲಿ ಈ ವಿದ್ಯೆಗೆ ಒಳ್ಳೆಯ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಂಗನಾಥನ್ ಅವರ ಮಾರ್ಗದರ್ಶನದಲ್ಲಿ ಬಿ. ಎಸ್. ಮೂರ್ತಿಯವರು ಮಾಡಿದ ಸಂಶೋಧನೆಯೂ, ಇಬ್ಬರೂ ಸೇರಿ 1998ರಲ್ಲಿ ಬರೆದ ಸಮೀಕ್ಷಾಲೇಖನವೂ ಮಿಶ್ರಲೋಹಗಳ ಅರೆತವನ್ನು ಅಭ್ಯಸಿಸುವವರು ಎಲ್ಲೆಡೆಯೂ ಓದುವಂಥವು. ಆದರೆ ಈ ಅಭ್ಯಾಸಕ್ಕೆ ಇಳಿಯುವವರು ಎಚ್ಚರವಾಗಿಯೂ ಇರಬೇಕು. ಅರೆತದಲ್ಲಿ ಬರುವ ಮೋಸಗಳಲ್ಲಿ ಒಂದು, ಗುಂಡುಗಳೇ ಸವೆದು ಪುಡಿಯೊಳಗೆ ಸೇರಿಕೊಳ್ಳುವುದು. ಜಿರ್ಕೋನಿಯಾವನ್ನು ಉಕ್ಕಿನ ಗುಂಡುಗಳಿಂದ ಬಹಳ ಹೊತ್ತು ಅರೆದಾಗ 1,170 ಡಿಗ್ರಿಗೆ ಮೇಲ್ಪಟ್ಟು ಸ್ಥಿರವಾಗಿರತಕ್ಕ ಪ್ರಾವಸ್ಥೆಯು ಕೋಣೆಯ ಉಷ್ಣತೆಯಲ್ಲಿಯೇ ಗೋಚರಿಸಿದರೆ, ಅದರ ಕೀರ್ತಿಯಲ್ಲಿ ಏಟಿಗೆಷ್ಟು, ಬೆರೆತ ಕಬ್ಬಿಣಕ್ಕೆಷ್ಟು ಎಂದು ವಿಂಗಡಿಸದೆ ಹಿಗ್ಗುವುದು ಅವಿವೇಕ.

ಕಾಲೇಜುಗಳ ಮತ್ತು ಔಷಧ ಕಾರ್ಖಾನೆಗಳ ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡುವ ತರುಣರಲ್ಲಿ ಒಂದು ಬಿನ್ನಹ. ಹರಳಿನ ರೂಪವನ್ನು ಗುರುತಿಸಲು ಕ್ಷ-ಕಿರಣದ ತಟ್ಟೆಗೆ ಹಾಕುವ ಮುನ್ನ ಮಾದರಿಯನ್ನು ಖಲ್ವದಲ್ಲಿ ನುಣ್ಣಗೆ ಮಾಡುವುದು, ಅವಕೆಂಪು ಪರೀಕ್ಷೆಗೆ ಪೊಟ್ಯಾಸಿಯಂ ಬ್ರೋಮೈಡಿನೊಡನೆ ಅರೆದು ಬಿಲ್ಲೆಯೊತ್ತುವುದು ನಿತ್ಯದ ರೂಢಿ. ರೂಪವನ್ನು ತಿಳಿಯುವುದಕ್ಕಾಗಿ ಮಾಡಿದ ಆ ಸಿದ್ಧತೆಯೇ ರೂಪವನ್ನು ಬದಲಾಯಿಸಿಬಿಡಬಹುದು. ಆದಕಾರಣ ಅರೆಯದ ಮಾದರಿಯೊಂದನ್ನೂ ಅರೆದ ಮಾದರಿಯೊಂದನ್ನೂ ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿ. ಅರೆಯಲೇಬೇಕಾದಾಗ ಹಗುರವಾಗಿ, ಸ್ವಲ್ಪ ಸ್ವಲ್ಪವಾಗಿ ಅರೆಯಿರಿ. ಮತ್ತು ಪ್ರಯೋಗದ ಪುಸ್ತಕದಲ್ಲಿ ‘ಪುಡಿಮಾಡಲಾಯಿತು’ ಎಂಬ ಒಂದೇ ಮಾತಿನಿಂದ ಮುಗಿಸದೆ, ಖಲ್ವ ಯಾವುದು, ಗುಂಡು ಯಾವ ಲೋಹದ್ದು, ವೇಗವೆಷ್ಟು, ಹೊತ್ತೆಷ್ಟು, ಆ ದಿನ ಕೋಣೆಯ ಉಷ್ಣತೆ ಎಷ್ಟಿತ್ತು ಎಂಬಿಷ್ಟನ್ನೂ ಬರೆದಿಡಿ.